ಪಿಲ್‌ಸು ನೆನೆಸಿಟ್ಟ ಕಡಲಸೊಪ್ಪು

ಕೊರಿಯಾದ ಬುಸಾನ್‌ನ ಮೀನುಪೇಟೆಯಲ್ಲಿ ಮ್ಯೊಂಗ್‌ಜಾಳ ಬಾಯಿಗೆ ಹೆದರದವರಿಲ್ಲ. ಅಂಥ ಗಟ್ಟಿಗಿತ್ತಿ ತನ್ನ ಫೋನಿಗೇ ಹೆದರುತ್ತಿದ್ದಳೆಂದರೆ ಯಾರು ನಂಬುತ್ತಾರೆ?

ಗಂಡ ಪಿಲ್‌ಸು ಸತ್ತ ಮೇಲೆ ಬಂದ ಒಂದು ಅಪ್‌ಡೇಟ್, "ಈ ದಿನದ ನೆನಪು" ಎಂದು ಅವನ ಮುಖವನ್ನು ಪರದೆಗೆ ತಂದಿತು. ಇನ್ನೊಂದು, ಊಟದ ಹೊತ್ತಿಗೆ "ಪಿಲ್‌ಸುಗೆ ಕರೆ ಮಾಡಬೇಕೆ?" ಎಂದಿತು. ಅಂದಿನಿಂದ ಅಪ್‌ಡೇಟ್ ಎಂದಾಗಲೆಲ್ಲ "ಆಮೇಲೆ" ಒತ್ತಿಬಿಡುತ್ತಿದ್ದಳು.

ನಿಜವಾದ ಭಯ ಬೇರೆಯೇ ಇತ್ತು. ಫೋನು ಕರೆಗಳನ್ನೆಲ್ಲ ತಾನೇ ರೆಕಾರ್ಡ್ ಮಾಡಿಕೊಳ್ಳುತ್ತಿತ್ತು. ಅವನ ಕೊನೆಯ ಕರೆಯೂ ಅದರಲ್ಲಿತ್ತು. ಅಂದು ಅವಳ ಹುಟ್ಟುಹಬ್ಬ. ಎಂದೂ ಒಲೆ ಮುಟ್ಟದ ಗಂಡಸು, ಆ ನಾಡಿನಲ್ಲಿ ಹುಟ್ಟುಹಬ್ಬಕ್ಕೆ ಉಣ್ಣುವ ಕಡಲಸೊಪ್ಪಿನ ಸಾರು ಮಾಡಲು ಹೊರಟಿದ್ದ.

"ಲೇ, ಈ ಒಣಸೊಪ್ಪು ಎಷ್ಟು ನೆನೆಸ್ಬೇಕೇ?"

"ಗಿರಾಕಿ ನಿಂತಿದಾರೆ, ಪ್ರಾಣ ತಿನ್ಬೇಡ!"

ಕೈಯೆಲ್ಲ ಮೀನಿನ ಲೋಳೆ. ಕರೆ ನಿಲ್ಲಿಸದೆಯೇ ಫೋನನ್ನು ಜೇಬಿಗೆ ತುರುಕಿದಳು. ಸಂಜೆ ಮನೆಗೆ ಹೋದರೆ, ನೀರಲ್ಲಿ ಹತ್ತುಪಟ್ಟು ಉಬ್ಬಿ ಬೋಗುಣಿಯಿಂದ ಉಕ್ಕಿದ ಸೊಪ್ಪು ನೆಲದವರೆಗೆ ಜೋತಿತ್ತು. ಪಕ್ಕದಲ್ಲೇ ಪಿಲ್‌ಸು ತಣ್ಣಗಾಗಿ ಬಿದ್ದಿದ್ದ. ಹೃದಯ ನಿಂತಿತ್ತಂತೆ.

ತನ್ನ ಜೇಬಿನೊಳಗಿಂದ ಅವನು ಕೂಗಿಕೊಂಡನೆ? ಕೇಳಲು ಧೈರ್ಯವಿಲ್ಲ, ಅಳಿಸಲು ಮನಸ್ಸಿಲ್ಲ. ಅಪ್‌ಡೇಟ್ ಆ ದನಿಯನ್ನೇ ನುಂಗಿಬಿಟ್ಟರೆ ಎಂದು ಇನ್ನೊಂದು ದಿಗಿಲು.

ಕೊನೆಗೊಂದು ದಿನ ಪಕ್ಕದಂಗಡಿಯ ಒಕ್‌ಸುನ್ ತಡೆಯಲಾರದೆ ಫೋನು ಕಿತ್ತುಕೊಂಡಳು. "ದೆವ್ವ ಹೊಕ್ಕಿರೋ ಹಾಗೆ ಆಡ್ತೀಯಲ್ಲ ಅಕ್ಕಾ! ಕೊಡಿಲ್ಲಿ" ಎಂದು ಅಪ್‌ಡೇಟ್ ಒತ್ತಿಯೇಬಿಟ್ಟಳು.

ಫೋನು ಸತ್ತು ಮತ್ತೆ ಎದ್ದಿತು. ಈಗ ಹಳೆಯ ಕರೆಗಳನ್ನು ಅಕ್ಷರಕ್ಕಿಳಿಸುವ ಹೊಸ ವಿದ್ಯೆ ಕಲಿತಿತ್ತು. ಮ್ಯೊಂಗ್‌ಜಾ ಆ ಕರೆಯನ್ನು ತೆರೆದು ಓದಿದಳು.

"ಇಡೀ ಪೊಟ್ಟಣ ಸುರಿದೆ ಕಣೇ. ಅಯ್ಯಯ್ಯೋ, ಉಕ್ತಾ ಇದೆ! ಓಣಿಗೆಲ್ಲ ಬಡಿಸ್ಬಹುದು! ಕೇಳಿಸ್ತಿದ್ಯಾ? ಬೇಗ ಮನೆಗೆ ಬಾರೇ."

ಮುಂದೆ: ನಗು. ಆಮೇಲೆ: ಸದ್ದಿಲ್ಲ.

ಕೂಗಿರಲಿಲ್ಲ, ನಕ್ಕಿದ್ದ. ಮ್ಯೊಂಗ್‌ಜಾ ಮೀನಿನ ಬುಟ್ಟಿಗಳ ನಡುವೆಯೇ ಕುಸಿದು ಗೊಳೋ ಎಂದು ಅತ್ತಳು.

ಕೆಳಗೆ ಫೋನು ತಾನಾಗಿಯೇ ಒಂದು ಸಾಲು ಸೇರಿಸಿತ್ತು: "ಬಾಕಿ ಕೆಲಸ: ಬೇಗ ಮನೆಗೆ ಹೋಗುವುದು. ಆಯಿತೆ?"

ಆಯಿತು ಎನ್ನಲು ಬೆರಳು ಬರಲಿಲ್ಲ. "ಆಮೇಲೆ" ಒತ್ತಿದಳು.

ಈಗ ದಿನಾ ಸಂಜೆ ಅದು ಕೇಳುತ್ತದೆ. ಅವಳು ಗಿರಾಕಿ ನಿಂತಿದ್ದರೂ ಅಂಗಡಿ ಮುಚ್ಚಿ ಮನೆಗೆ ಓಡುತ್ತಾಳೆ.