ತಲೆ ಎತ್ತಲಾಗದ ಫೀಲ್ಡರ್

ಪುತ್ತಿಗೆಯ ಮೈದಾನದಲ್ಲಿ ಚೆಂಡು ಮೇಲೆ ಹೋಯಿತು. ಬೌಂಡರಿ ಗೆರೆಯಲ್ಲಿ ನಿಂತಿದ್ದ ನಾನು ತಲೆ ಎತ್ತಿದೆ.

ಆಕಾಶ ತಿರುಗಿತು.

ನೆಲವನ್ನು ತಬ್ಬಿಕೊಂಡು ಮಲಗಿದೆ. ಚೆಂಡು ಹತ್ತು ಮಾರು ಆಚೆ ಬಿತ್ತು. ಮೈಕಿನವ ಮಾತ್ರ "ಅದ್ಭುತ ಡೈವ್" ಎಂದ.

ಇಪ್ಪತ್ತು ವರ್ಷದಿಂದ ನಾನು ಟೆನಿಸ್ ಬಾಲ್ ಕ್ರಿಕೆಟಿನ ಬಾಡಿಗೆ ಫೀಲ್ಡರ್. ಯಾವ ಕ್ಲಬ್ಬಿನವರು ಕರೆದರೂ ಹೋಗುವುದು, ಅವರು ಕೊಟ್ಟ ಜೆರ್ಸಿ ಹಾಕಿಕೊಳ್ಳುವುದು. ನನ್ನ ಬ್ಯಾಟಿಂಗಿನ ಸುದ್ದಿ ಬೇಡ. ಎತ್ತರದ ಕ್ಯಾಚು ಬಿಡುವುದಿಲ್ಲ ಎಂಬ ಒಂದೇ ಕಾರಣಕ್ಕೆ ನನಗೆ ಫೋನ್ ಬರುತ್ತದೆ. ತಲೆ ಎತ್ತಲಾಗದ ಫೀಲ್ಡರನ್ನು ಯಾರು ಕರೆಯುತ್ತಾರೆ?

ಆಸ್ಪತ್ರೆಯ ಒ.ಪಿ.ಯಲ್ಲಿ ನರ್ಸ್ "ನವೀನ್, ನವೀನ್" ಎಂದು ಕೂಗಿದರು. ಯಾರೂ ಏಳಲಿಲ್ಲ. ಸುದ್ದಿ ಕೇಳಿ ಓಡಿ ಬಂದಿದ್ದ ಹೆಂಡತಿ ಶೋಭಾ ನನ್ನನ್ನು ತಿವಿದಳು.

"ನಿಮ್ಮನ್ನೇ ಕರೆಯುವುದು. ಬೆನ್ನಲ್ಲಿ ಹಾಗೆ ಉಂಟಲ್ಲ."

ನನ್ನ ಹೆಸರು ಸುಂದರ. ಕರೆತಂದ ಹುಡುಗರಿಗೆ ಅದು ಗೊತ್ತಿರಲಿಲ್ಲ. ಜೆರ್ಸಿಯಲ್ಲಿದ್ದ ಹೆಸರನ್ನೇ ಚೀಟಿಗೆ ಬರೆಸಿ, ಸೆಮಿಫೈನಲ್ ಉಂಟೆಂದು ವಾಪಸು ಓಡಿದ್ದರು.

"ವರ್ಟಿಗೋ. ಕಿವಿಯ ಒಳಗಿನ ಸಣ್ಣ ಹರಳುಗಳು ಜಾಗ ಬಿಟ್ಟು ಬೇರೆ ಕಡೆ ಹೋಗಿವೆ" ಎಂದರು ಡಾಕ್ಟರ್.

"ಇವರದ್ದೇ ಕಿವಿಯಲ್ವಾ ಡಾಕ್ಟ್ರೇ, ಹರಳು ಒಂದು ಟೀಮಲ್ಲಿ ಎಲ್ಲಿ ನಿಲ್ತದೆ" ಎಂದಳು ಶೋಭಾ.

ಡಾಕ್ಟರ್ ನಕ್ಕರು. ನನಗೆ ಅಳು ಬರುವುದೊಂದು ಬಾಕಿ. ಅವರು ನನ್ನ ತಲೆ ಹಿಡಿದು ಈ ಕಡೆ ತಿರುಗಿಸಿ ಮಲಗಿಸಿದರು, ಆ ಕಡೆ ಹೊರಳಿಸಿದರು, ಎಬ್ಬಿಸಿ ಕೂರಿಸಿದರು. ಇದನ್ನೇ ಮತ್ತೆರಡು ಸಲ ಬಂದು ಮಾಡಿಸಿಕೊಂಡೆ.

ತಲೆ ತಿರುಗುವುದು ನಿಂತಿತು. ಹೆದರಿಕೆ ಹೋಗಲಿಲ್ಲ. ಮೂರು ವಾರ ಮನೆಯ ಫ್ಯಾನನ್ನೂ ತಲೆ ಎತ್ತಿ ನೋಡಲಿಲ್ಲ. ಕ್ಲಬ್ಬಿನವರು ಫೋನ್ ಮಾಡಿದಾಗಲೆಲ್ಲ ಮನೆಗೆ ನೆಂಟರು ಬಂದಿದ್ದಾರೆ ಎಂದೆ.

ನನ್ನ ಒಂದು ಮ್ಯಾಚನ್ನೂ ನೋಡದ ಶೋಭಾ ಒಂದು ಸಂಜೆ ಚೆಂಡು ಹಿಡಿದು ಅಂಗಳಕ್ಕಿಳಿದಳು.

"ನಿಮ್ಮ ನೆಂಟರಿಗೆ ಚಾ ಮಾಡಿ ನನಗೆ ಸಾಕಾಯ್ತು. ಬನ್ನಿ."

ಮೊದಲು ಎದೆಯೆತ್ತರಕ್ಕೆ ಎಸೆದಳು. ಆಮೇಲೆ ತಲೆಯ ಮಟ್ಟಕ್ಕೆ. ಆಮೇಲೆ ಮಾಡಿನಿಂದಲೂ ಮೇಲೆ. ಅದು ನನ್ನ ಮೂಗಿಗೆ ಬಿತ್ತು.

"ಎಂತ, ಕಣ್ಣು ಮುಚ್ಚಿ ಹಿಡಿಯುವುದಾ? ಮೇಲೆ ನೋಡಿ ಮಾರಾಯ್ರೇ."

ನೋಡಿದೆ. ಆಕಾಶ ಅದರ ಜಾಗದಲ್ಲೇ ಇತ್ತು. ಚೆಂಡು ಕೈಗೆ ಬಂತು. ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಅವಳು ಚೆಂಡು ವಾಪಸು ಕೇಳಿದಳು.

ತಲೆ ತಿರುಗುವುದು ಮತ್ತೆ ಬಂದರೂ ಬರಬಹುದು ಎಂದಿದ್ದಾರೆ ಡಾಕ್ಟರ್. ಈ ಭಾನುವಾರ ದೇಲಂಪಾಡಿಯವರಿಗೆ ಆಡುತ್ತಿದ್ದೇನೆ. ಅವರು ಕಳಿಸಿದ ಜೆರ್ಸಿಯ ಬೆನ್ನಲ್ಲಿ 'ಪ್ರಜ್ವಲ್' ಎಂದಿದೆ. ಶೋಭಾ ಅದರ ಒಳಬದಿಯಲ್ಲಿ ಮಾರ್ಕರಿನಿಂದ 'ಸುಂದರ' ಎಂದು ಬರೆದು, ಕೆಳಗೆ ತನ್ನ ಫೋನ್ ನಂಬರ್ ಹಾಕಿದ್ದಾಳೆ. ಇಪ್ಪತ್ತು ವರ್ಷದಲ್ಲಿ ನನ್ನ ಹೆಸರಿರುವ ಮೊದಲ ಜೆರ್ಸಿ ಇದು.