ನಿಗಾರ್ ಕಾದು ಹಿಡಿದ ನೆರಳು

ಪರದೇಶದ ಲೂಕನ್ ಪಟ್ಟಣದ ಸಮುದಾಯ ಭವನದ ಗೋಡೆಯ ಮೇಲೆ ತಾನೇ ತೆಗೆದ ಫೋಟೋ ನೋಡಿ ನಿಗಾರಳಿಗೆ ಪಿತ್ತ ನೆತ್ತಿಗೇರಿತು. ಕೆಳಗೆ ದುಂಡಗಿನ ಅಕ್ಷರದಲ್ಲಿ ಅವಳ ಹೆಸರು ಬೇರೆ.

ವಿಜಯಪುರದಿಂದ ಬಂದ ನಿಗಾರ್, ಇಲ್ಲಿನ ಬ್ಯೂಮಾಂಟ್ ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವವಳು. ವರ್ಷವಿಡೀ ಜನರ ಮೂಳೆ ನೋಡಿ, ರಜೆ ಸಿಕ್ಕರೆ ಊರುಗಳ ಮೂಳೆ ನೋಡಲು ಹೊರಡುತ್ತಾಳೆ. ಈ ಸಲ ಜೋರ್ಡಾನಿನ ಮರುಭೂಮಿಯ ಒಂದು ಹಾಳುಕೋಟೆಗೆ ಹೋಗಿದ್ದಳು. ಮೊದಲ ದಿನ ವೈಡ್ ಲೆನ್ಸ್ ಹಾಕಿದಳು; ಕೋಟೆಯೆಲ್ಲ ಚಿತ್ರದೊಳಗೆ ಬಂತು, ಆದರೆ ಮಕ್ಕಳು ಮರಳಲ್ಲಿ ಕಟ್ಟಿದ ಗೂಡಿನಷ್ಟಾಯಿತು. ಮರುದಿನ ದೂರದಿಂದ, ದೂರದ್ದನ್ನು ಹತ್ತಿರ ಎಳೆಯುವ ಟೆಲಿ ಲೆನ್ಸ್. ಹಿಂದಿನ ಗುಡ್ಡ ಬಂದು ಕೋಟೆಯ ಕಂಬದ ಹೆಗಲೇರಿ ಕೂತಿತು. ಮೂರನೆಯ ದಿನ ಸಾಧಾರಣ ಐವತ್ತು ಎಂ.ಎಂ. ಲೆನ್ಸ್ ಹಿಡಿದು ಗೋಡೆಯೆದುರು ಮಂಡಿಯೂರಿದಳು. ಎಳೆಬಿಸಿಲು ಗೋಡೆಯನ್ನು ಓರೆಯಾಗಿ ಸವರಿದಾಗ, ಸವೆದುಹೋಗಿದ್ದ ದ್ರಾಕ್ಷಿಬಳ್ಳಿಯ ಕೆತ್ತನೆ ನೆರಳಿನ ಗೆರೆಗಳಲ್ಲಿ ಎದ್ದು ನಿಂತಿತು. ಹನ್ನೊಂದು ನಿಮಿಷ ಅಷ್ಟೆ. ಬಿಸಿಲೇರಿತು, ಬಳ್ಳಿ ಮಾಯವಾಯಿತು.

ಕನ್ನಡ ಕೂಟದ ಪ್ರದರ್ಶನಕ್ಕೆಂದು ಆ ಚಿತ್ರವನ್ನು ಕೇಳಿ ಪಡೆದು ಪ್ರಿಂಟ್ ಹಾಕಿಸಿದವರು ಅಧ್ಯಕ್ಷ ಕೃಷ್ಣಪ್ರಸಾದರು. ಈಗ ಕೋಟೆಯ ಗೋಡೆ ಸುಣ್ಣ ಬಳಿದ ಕಾಂಪೌಂಡಿನಂತೆ ಹೊಳೆಯುತ್ತಿತ್ತು.

“ಬಳ್ಳಿ ಎಲ್ಲಿ ಹೋತ್ರಿ ಸರ್?”

“ಯಾವ ಬಳ್ಳಿ? ಅರ್ಧ ಗೋಡೆ ಬರೀ ಕತ್ತಲೆ ಇತ್ತಮ್ಮ. ಆ್ಯಪ್‌ನಲ್ಲಿ ಹಾಕಿ ನೆರಳೆಲ್ಲ ತೆಗೆಸಿದೆ. ಈಗ ಗ್ರ್ಯಾಂಡ್ ಆಗಿದೆ ನೋಡಿ.”

“ಸಾವಿರಾರು ವರ್ಷ ಹಾಳು ಬಿದ್ದಿದ್ದು, ನಿಮ್ಮ ಕೈಗೆ ಸಿಕ್ಕ ಮ್ಯಾಲೆ ಪೂರ್ತಿ ಹಾಳಾತು.”

“ಕೋಪ ಯಾಕೆ? ಇನ್ನೇನು ಜನ ಬರ್ತಾರೆ. ಚೆನ್ನಾಗಿ ಕಾಣಲಿ ಅಂತ ತಾನೆ ಮಾಡಿದ್ದು.”

“ನೀವು ಕಾಲು ಮುರಕೊಂಡು ಬಂದ್ರ ನಾನೂ ಎಕ್ಸ್-ರೇದಾಗ ಬಿರುಕು ಅಳಿಸಿ ಕೊಡ್ತೀನಿ. ಚೆನ್ನಾಗಿ ಕಾಣಲಿ ಅಂತ.”

ನಿಗಾರ್ ಚಿತ್ರ ಇಳಿಸಿ, ಹೆಸರಿನ ಚೀಟಿ ಕಿತ್ತು, ಕಾರಿನಿಂದ ತನ್ನದೇ ಪ್ರಿಂಟ್ ತಂದು ಕಿಟಕಿ ಪಕ್ಕದ ಗೋಡೆಗೆ ಅಂಟಿಸಿದಳು. ಪುಸ್ತಕದಷ್ಟಗಲ. ಅದರ ನುಣುಪಾದ ಕಾಗದದ ಮೇಲೆ ಟ್ಯೂಬ್‌ಲೈಟಿನ ಬೆಳಕು ಬಿದ್ದು ಬಳ್ಳಿಯನ್ನು ಮತ್ತೆ ನುಂಗಿತು. ನಿಗಾರ್ ಸೀದಾ ಹೋಗಿ ಲೈಟು ಆರಿಸಿದಳು; ಕಿಟಕಿಯ ಬೆಳಕಿಗೆ ಬಳ್ಳಿ ಮರಳಿ ಕಂಡಿತು.

“ಜನಕ್ಕೆ ಸಮೋಸಾ ಕಾಣಬೇಡ್ವೇನಮ್ಮ?”

“ಸಮೋಸಾಕ್ಕ ಕಣ್ಣ್ಯಾಕ್ರಿ, ಬಾಯಿ ಸಾಕು.”

ಬಂದ ಜನ ಬಾಗಿಲಲ್ಲೇ ಗುಂಪುಗೂಡಿದರು. ಅಷ್ಟರಲ್ಲಿ ಹೊರಗೆ ಮೋಡ ಕವಿದು ಕಿಟಕಿಯ ಬೆಳಕೂ ಸತ್ತಿತು. ಕೃಷ್ಣಪ್ರಸಾದರ ಕೈ ಸ್ವಿಚ್ಚಿನತ್ತ ಹೋಯಿತು. ನಿಗಾರ್ ಸ್ವಿಚ್ಚಿಗೆ ಬೆನ್ನು ಕೊಟ್ಟು ಕೈಕಟ್ಟಿ ನಿಂತಳು.

“ಮೋಡ ಸರಿಯೋತನಕ ನಿಲ್ರಿ,” ಎಂದಳು. “ನಾ ಅಲ್ಲಿ ಮೂರು ದಿನ ನಿಂತೀನಿ.”