ಜನಿವಾರಕ್ಕೆ ಕಟ್ಟಿದ ಬೀಗದ ಕೈ

ಅರವತ್ತರ ದಶಕದ ಮಾತು. ಅಪ್ಪ ಒಬ್ಬರೇ ಮೊದಲು ಬಂದು ಜಯನಗರದಲ್ಲಿ ಬಾಡಿಗೆ ಮನೆ ಗೊತ್ತುಮಾಡಿ, ಅದರ ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡು ದಿಲ್ಲಿಗೆ ಮರಳಿದ್ದರು. ಮುಂದಿನ ತಿಂಗಳು ನಮ್ಮನ್ನೆಲ್ಲ ಕರೆದುಕೊಂಡು ರೈಲು ಹತ್ತಿದಾಗಲೂ ಅದು ಅಲ್ಲೇ ಇತ್ತು. ಗಂಟೆಗೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಜಟಕಾ ನಿಂತಾಗ ರಾಹುಕಾಲಕ್ಕೆ ಕಾಲು ಗಂಟೆಯಷ್ಟೇ ಉಳಿದಿತ್ತು. ಎದುರಿಗೆ ಒಂದೇ ಅಚ್ಚಿನ ಎರಡು ಹೊಸ ಮನೆ. ಮೂರು ದಿನ ರೈಲಿನಲ್ಲಿ ಕೊಳೆತಿದ್ದ ನಾವು ಮೂವರು ಮಕ್ಕಳು ಹೋ ಎಂದು ಓಡಿ ಒಂದರ ಬಾಗಿಲು ತಳ್ಳಿದೆವು. ತೆರೆದೇಬಿಟ್ಟಿತು! ಖಾಲಿ ಕೋಣೆಗಳಲ್ಲಿ ಗಂಟಲು ಹರಿಯುವಂತೆ ಕೂಗಿ ಕುಣಿದೆವು. ಅಪ್ಪ ಟ್ರಂಕು ಇಳಿಸುವಷ್ಟರಲ್ಲಿ ಅಮ್ಮ ಸ್ಟೌ ಹಚ್ಚಿ ಹಾಲು ಉಕ್ಕಿಸಿಯೇಬಿಟ್ಟಳು.

ಆಗ ಯಡಿಯೂರಿನಿಂದ ಮನೆ ಮಾಲೀಕರು ಸೈಕಲ್ಲಿನಲ್ಲಿ ಬಂದರು. "ಅಯ್ಯೋ, ನಿಮ್ದು ಪಕ್ಕದ್ದು ಸ್ವಾಮಿ! ಇದಕ್ಕಿನ್ನೂ ಸುಣ್ಣ ಹೊಡ್ದಿಲ್ಲ, ಬೀಗಾನೂ ಇಲ್ಲ."

"ಹಾಲು ಉಕ್ಕಿದ್ದು ಇಲ್ಲಿ. ನಾನು ಏಳಲ್ಲ," ಎಂದು ಅಮ್ಮ ಸ್ಟೌ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು.

ಎರಡೂ ಮನೆ ಅವರವೇ. ನಕ್ಕು ಒಪ್ಪಿಕೊಂಡರು. ಅಪ್ಪ ಅಂಗಿಯೊಳಗೆ ಕೈಹಾಕಿ, ದೇಶವನ್ನೇ ಎರಡು ಸಲ ದಾಟಿದ್ದ ಬೀಗದ ಕೈಯನ್ನು ಬಿಚ್ಚಿ ಅವರ ಕೈಗಿಟ್ಟರು.

"ತಗೊಳ್ಳಿ. ಜೋಪಾನವಾಗಿ ತಂದಿದ್ದೀನಿ."